ಶ್ರಾವಣಕ್ಕೆ ಬಿಟ್ಟ ಗುಳಿಗೆ

ಆ ವರ್ಷ ಆಷಾಢದ ಅಮಾವಾಸ್ಯೆ ಭಾನುವಾರ ಬಂದಿತ್ತು. ಮುಂಬೈ ಹತ್ತಿರದ ನಮ್ಮ ಡೊಂಬಿವಲಿಯಲ್ಲಿ ಆ ದಿನ ಬೆಳಿಗ್ಗೆ ಏಳಕ್ಕೇ ಮಟನ್ ಅಂಗಡಿಯ ಮುಂದೆ ಸಾಲು ನಿಲ್ಲುತ್ತದೆ. ಮರುದಿನದಿಂದ ಶ್ರಾವಣ. ಒಂದು ತಿಂಗಳು ತಿನ್ನುವಂತಿಲ್ಲ ಎಂದು ಎಲ್ಲರೂ ಒಂದೇ ದಿನ ತಿಂದು ಮುಗಿಸುತ್ತಾರೆ. ನಮ್ಮ ಮನೆಯವರು ಕೊಡೆ ಹಿಡಿದುಕೊಂಡು ಹೋಗಿ ಒಂದೂವರೆ ತಾಸು ನಿಂತು ಅರ್ಧ ಕಿಲೋ ತಂದರು. ನಾನು ಮಸಾಲೆ ಅರೆದೆ. ತಂಗಿ ಕಿಟಕಿಯ ಹತ್ತಿರ ಕುಳಿತು ಗಿರಾಕಿಯೊಬ್ಬರ ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದಳು. ಮಗಳು ಮೊಬೈಲು ನೋಡುತ್ತ ಅಡ್ಡಾಗಿದ್ದಳು. ಮಧ್ಯಾಹ್ನ ನಾಲ್ವರೂ ಕುಳಿತು ಉಂಡೆವು. ಉಪ್ಪು ಸ್ವಲ್ಪ ಹೆಚ್ಚಾಗಿದೆ ಎಂದು ತಂಗಿ ಹೇಳಿದಳು, ಇಲ್ಲ ಎಂದು ನಾನು ಹೇಳಿದೆ. ಇದರಲ್ಲಿ ಬರೆಯುವಂಥದ್ದು ಏನೂ ಇಲ್ಲ. ಆದರೂ ಇದನ್ನೇ ಮೊದಲು ಬರೆಯುತ್ತಿದ್ದೇನೆ, ಯಾಕೆಂದರೆ ನನ್ನ ತಂಗಿ ನೆಟ್ಟಗೆ ಗುಳಿಗೆ ತೆಗೆದುಕೊಂಡ ಕೊನೆಯ ದಿನ ಅದು.

ತಂಗಿ ನನಗಿಂತ ಏಳು ವರ್ಷ ಚಿಕ್ಕವಳು. ಅವಳನ್ನು ಇಲ್ಲೇ ಹತ್ತಿರದ ಊರು ಟಿಟ್ವಾಳಾಕ್ಕೆ ಕೊಟ್ಟಿತ್ತು. ಮದುವೆಯಾಗಿ ನಾಲ್ಕನೆಯ ವರ್ಷಕ್ಕೆ ಕಾಯಿಲೆ ಕಾಣಿಸಿತು. ಮೊದಲ ಮೂರು ವಾರ ನಿದ್ದೆಯಿಲ್ಲ, ಮಾತು, ನಗು, ಮನೆಯ ಪಾತ್ರೆಗಳನ್ನೆಲ್ಲ ಹೊರಗಿಟ್ಟು ತಿಕ್ಕುವುದು, ಗಣಪತಿ ಗುಡಿಯ ದಾರಿಯಲ್ಲಿ ಸಿಕ್ಕವರನ್ನೆಲ್ಲ ಊಟಕ್ಕೆ ಕರೆಯುವುದು. ಆಮೇಲೆ ಎರಡು ತಿಂಗಳು ಹಾಸಿಗೆಯಿಂದ ಏಳಲೇ ಇಲ್ಲ. ಅವಳ ಗಂಡ ಒಳ್ಳೆಯ ಮಾತಿನಲ್ಲೇ ಅವಳನ್ನು ನಮ್ಮ ಮನೆಗೆ ತಂದು ಬಿಟ್ಟ. ಮತ್ತೆ ಕರೆಯಲು ಬರಲಿಲ್ಲ. ಕಲ್ಯಾಣದಲ್ಲಿ ಒಂದು ಟ್ರಸ್ಟಿನ ದವಾಖಾನೆಗೆ ಗುರುವಾರ ಮಾತ್ರ ಮನಸ್ಸಿನ ಡಾಕ್ಟರು ಬರುತ್ತಾರೆಂದು ಯಾರೋ ಹೇಳಿದರು. ಕರೆದುಕೊಂಡು ಹೋದೆ. ಮನಸ್ಸು ಒಮ್ಮೆ ತೀರ ಏರುವ, ಒಮ್ಮೆ ತೀರ ಇಳಿಯುವ ಕಾಯಿಲೆ ಎಂದರು. ಗುಳಿಗೆ ಬರೆದುಕೊಟ್ಟರು, ಆಗಾಗ ರಕ್ತ ತಪಾಸಣೆ ಮಾಡಿಸಲು ಹೇಳಿದರು, ತಮ್ಮನ್ನು ಕೇಳದೆ ನಿಲ್ಲಿಸಬಾರದು ಎಂದರು. ಮೂರು ವರ್ಷ ನಿಲ್ಲಿಸಲಿಲ್ಲ. ಆ ಮೂರು ವರ್ಷ ಅವಳು ಚೆನ್ನಾಗಿದ್ದಳು. ಮಾರ್ಕೆಟ್ಟಿಗೆ ಹೋಗಿ ಬರುತ್ತಿದ್ದಳು, ಮಗಳ ಜೊತೆ ಜಗಳವಾಡುತ್ತಿದ್ದಳು, ನನ್ನ ಅಡಿಗೆಯಲ್ಲಿ ಕೊರತೆ ಹುಡುಕಿ ಹೆಸರಿಡುತ್ತಿದ್ದಳು.

ನಾನು ವಿಜಯಪುರದಲ್ಲಿ ಹತ್ತನೆಯ ಇಯತ್ತೆಯವರೆಗೆ ಓದಿ, ಹೊಲಿಗೆ ಕಲಿತು, ಮದುವೆಯಾಗಿ ಇಲ್ಲಿಗೆ ಬಂದವಳು. ಮನೆಯಲ್ಲೇ ಮಿಷನ್ ಇಟ್ಟುಕೊಂಡು ಬ್ಲೌಸು ಹೊಲಿಯುತ್ತೇನೆ. ಕತ್ತರಿಸುವುದು, ಹೊಲಿಯುವುದು ನಾನು. ಹುಕ್ಕು, ಕಾಜಾ, ಅಂಚಿನ ಕೈಹೊಲಿಗೆ, ಸೀರೆಗೆ ಫಾಲ್ ಹಚ್ಚುವುದು ತಂಗಿ. ಗುಳಿಗೆ ಶುರುವಾದಂದಿನಿಂದ ಅವಳ ಕೈ ನಡುಗುತ್ತಿತ್ತು. ಚಹಾದ ಕಪ್ಪು ಹಿಡಿದರೆ ಗೊತ್ತಾಗುವಷ್ಟಲ್ಲ, ಸೂಜಿ ಹಿಡಿದರೆ ಗೊತ್ತಾಗುವಷ್ಟು. ಕೈಹೊಲಿಗೆ ಸೊಟ್ಟ ಬೀಳುತ್ತಿತ್ತು, ಹುಕ್ಕಿನ ಬುಡದಲ್ಲಿ ದಾರ ಗಂಟುಗಂಟಾಗುತ್ತಿತ್ತು. ಊಟವಾದ ಮೇಲೆ ಅವಳು ಒಂದು ತಾಸು ಮಲಗುತ್ತಿದ್ದಳು. ಆಗ ನಾನು ಅವಳ ಹೊಲಿಗೆ ಬಿಚ್ಚಿ ಮತ್ತೆ ಹಾಕುತ್ತಿದ್ದೆ. ಅವಳಿಗೆ ಗೊತ್ತಾಗುವುದಿಲ್ಲ ಎಂದುಕೊಂಡಿದ್ದೆ.

ಇನ್ನು ಆ ನಟಿಯ ವಿಷಯ. ಹಿಂದಿ ಸಿನೆಮಾದವಳು, ಹೆಸರು ಬೇಡ. ನಾವಿಬ್ಬರೂ ವಿಜಯಪುರದ ಟಾಕೀಸಿನಲ್ಲಿ ಅವಳ ಸಿನೆಮಾ ನೋಡಿ ಬೆಳೆದವರು. ಈಗ ಅವಳು ಸಿನೆಮಾ ಕಡಿಮೆ ಮಾಡಿ ಮೊಬೈಲಿನ ವಿಡಿಯೋಗಳಲ್ಲಿ ಮಾತಾಡುವುದು ಹೆಚ್ಚು ಮಾಡಿದ್ದಾಳೆ. ಇಂಥವರ ಮಾತು ಜನರ ಮೇಲೆ ಎಷ್ಟು ನಡೆಯುತ್ತದೆ ಎಂದು ಪೇಪರಿನವರು ಚರ್ಚೆ ಮಾಡುತ್ತಾರೆ. ನನ್ನಂಥ ಹೊಲಿಗೆಯವಳನ್ನು ಕೇಳಿದರೆ ಸಾಕಿತ್ತು. ಯಾವುದೋ ಮದುವೆಯಲ್ಲಿ ಅವಳು ಬೆನ್ನಿಗೆ ಮೂರು ಲಾಡಿ ಕಟ್ಟಿದ ಬ್ಲೌಸು ತೊಟ್ಟರೆ, ಹತ್ತೇ ದಿನದಲ್ಲಿ ನಮ್ಮ ಬಿಲ್ಡಿಂಗಿನ ಹೆಂಗಸರೆಲ್ಲ ಅದೇ ಫೋಟೋ ಹಿಡಿದುಕೊಂಡು ಬರುತ್ತಾರೆ. ನಿಮ್ಮ ಮೈಗೆ ಅದು ಕೂಡುವುದಿಲ್ಲ ಎಂದರೆ ಕೇಳುವುದಿಲ್ಲ. ತೊಟ್ಟು ನೋಡಿ, ಭುಜ ಜಾರುತ್ತದೆ ಎಂದು ನನ್ನ ಮೇಲೆಯೇ ಸಿಟ್ಟಾಗುತ್ತಾರೆ. ಬ್ಲೌಸಾದರೆ ನಾನು ಬಿಚ್ಚಿ ಸರಿಮಾಡಿಕೊಡುತ್ತೇನೆ.

ಶ್ರಾವಣದ ಮೊದಲ ದಿನ ನಮ್ಮ ಮೇಲಿನ ಮನೆಯವರು ಬಂದರು. ಮಂಗಳೂರು ಕಡೆಯವರು. ಅವರ ಗಂಡ ಠಾಣೆಯ ನೌಪಾಡಾದಲ್ಲಿ ಒಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾರೆ. ಒಳ್ಳೆಯ ಹೆಂಗಸು, ಕಷ್ಟಕ್ಕೆ ಓಡಿ ಬರುವವರು. ಇದನ್ನು ಬರೆಯದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ. ಗಣಪತಿ ಹಬ್ಬಕ್ಕೆ ನಾಲ್ಕು ಬ್ಲೌಸು ಕೊಟ್ಟು, ಅಳತೆ ಕೊಡುತ್ತ ನಿಂತಾಗಲೇ ಮೊಬೈಲು ತೆಗೆದು ತಂಗಿಯ ಮುಂದೆ ಹಿಡಿದರು. ಇದು ನಿಮಗೇ ಹೇಳಿದ ಹಾಗೆ ಇದೆ, ನೋಡಿ ಎಂದರು.

ಒಂದೂವರೆ ನಿಮಿಷದ ವಿಡಿಯೋ. ಆ ನಟಿ ಸೋಫಾದ ಮೇಲೆ ಕಾಲು ಮಡಚಿಕೊಂಡು ಕುಳಿತಿದ್ದಳು. ತನಗೂ ಮನಸ್ಸಿನ ಕಾಯಿಲೆ ಇತ್ತೆಂದಳು, ವರ್ಷಗಟ್ಟಲೆ ಗುಳಿಗೆ ನುಂಗಿದೆನೆಂದಳು. ಗುಳಿಗೆಯಿಂದ ಕೈ ನಡುಗಿ ಕಣ್ಣಿಗೆ ಕಾಡಿಗೆ ಹಚ್ಚಿಕೊಳ್ಳಲೂ ಆಗುತ್ತಿರಲಿಲ್ಲವಂತೆ. ಒಂದು ದಿನ ಎಲ್ಲ ಎತ್ತಿ ಕಸದ ಬುಟ್ಟಿಗೆ ಹಾಕಿದಳಂತೆ. ಬೆಳಗಿನ ಬಿಸಿಲು, ಉಸಿರಾಟ, ಒಳ್ಳೆಯ ಯೋಚನೆ. ಇಪ್ಪತ್ತೊಂದು ದಿನಕ್ಕೆ ಕೈ ನಿಂತಿತು, ನಾನು ನನಗೆ ಮರಳಿ ಸಿಕ್ಕೆ ಎಂದಳು. ಹಿಂದೆ ಸಣ್ಣಗೆ ಕೊಳಲು ನುಡಿಯುತ್ತಿತ್ತು.

ತಂಗಿ ಇನ್ನೊಮ್ಮೆ ತೋರಿಸಿರಿ ಎಂದಳು. ಕೈಯ ಮಾತು ಬಂದಲ್ಲಿ ಅವಳ ಮುಖ ನಾನು ನೋಡಿದೆ. ಮೂರು ವರ್ಷದಲ್ಲಿ ಅವಳ ಕೈಯ ಬಗ್ಗೆ ಯಾರೂ ಮಾತಾಡಿರಲಿಲ್ಲ. ನಾನು ಮಾತಾಡದೆ ಇದ್ದದ್ದು ಅವಳಿಗೆ ನೋವಾಗಬಾರದೆಂದು. ಈಗ ಮೊದಲ ಸಲ ಒಬ್ಬಳು ಮಾತಾಡಿದ್ದಳು, ಅದೂ ನಾವು ಬೆಂಚಿನ ಮೇಲೆ ಕುಳಿತು ಕಣ್ಣೀರು ಹಾಕಿ ನೋಡಿದ ಹೀರೋಯಿನ್.

ನನ್ನ ಮಗಳು ಇಲ್ಲೇ ಹುಟ್ಟಿದವಳು. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಕೊಡುವುದು ಮಾತ್ರ ಹಿಂದಿಯಲ್ಲಿ. ಮೊಬೈಲಿನಿಂದ ತಲೆ ಎತ್ತದೆ, "ಮೌಸಿ, ವೋ ಆಕ್ಟ್ರೆಸ್ ಹೈ, ಡಾಕ್ಟರ್ ಥೋಡೀ ಹೈ," ಎಂದಳು. ಅವಳು ನಟಿ, ಡಾಕ್ಟರೇನೂ ಅಲ್ಲವಲ್ಲ ಎಂದು.

ಮೇಲಿನ ಮನೆಯವರ ಮುಂದೆ ಹಾಗೆ ಹೇಳಿದ್ದು ನನಗೆ ಸರಿ ಕಾಣಲಿಲ್ಲ. ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬೇಡ ಎಂದು ಗದರಿಸಿದೆ. ಆ ದಿನ ನಮ್ಮ ಮನೆಯಲ್ಲಿ ಆಡಿದ ಬುದ್ಧಿಯ ಮಾತು ಅದೊಂದೇ. ಅದನ್ನೂ ನಾನೇ ಮುಚ್ಚಿಸಿದೆ.

ಸಂಜೆ ಶ್ರಾವಣಕ್ಕೆ ಯಾರು ಏನು ಬಿಡುವುದು ಎಂಬ ಮಾತು ಬಂತು. ನಮ್ಮಲ್ಲಿ ಪ್ರತಿ ವರ್ಷ ಒಬ್ಬೊಬ್ಬರು ಒಂದೊಂದು ಬಿಡುತ್ತೇವೆ. ನಾನು ಉಳ್ಳಾಗಡ್ಡಿ, ಬಳ್ಳೊಳ್ಳಿ ಬಿಡುತ್ತೇನೆ. ನಮ್ಮ ಮನೆಯವರು ತಂಬಾಕು ಬಿಡುತ್ತಾರೆ, ಗಡ್ಡವೂ ತೆಗೆಯುವುದಿಲ್ಲ. ತಂಗಿ ಹಿಂದಿನ ವರ್ಷಗಳಲ್ಲಿ ಬದನೆಕಾಯಿ ಬಿಡುತ್ತಿದ್ದಳು, ಅದು ಅವಳಿಗೆ ಮೊದಲೇ ಸೇರದು ಎಂದು ನಾವು ನಗುತ್ತಿದ್ದೆವು. ಈ ಸಲ ಅವಳು ನೆಟ್ಟಗೆ ಕುಳಿತು ಹೇಳಿದಳು.

"ನಾ ಗುಳಿಗಿ ಬಿಡ್ತೀನಿ. ಒಂದ ತಿಂಗಳಾ. ದೇವ್ರ ಹೆಸರಲೆ."

ಅದೆಲ್ಲ ಬಿಡುವಂಥದ್ದಲ್ಲ ಎಂದು ನಾನು ಅಂದೆ. ಆಗ ಅವಳು, "ಅಕ್ಕಾ, ನಾ ಮಲಗಿದ ಮ್ಯಾಲ ನನ್ನ ಹೊಲಿಗಿ ನೀ ಬಿಚ್ಚಿ ಹಾಕ್ತಿ ಅಂತ ನನಗ ಗೊತ್ತದ. ಗೊತ್ತಾಗಿ ಎರಡ ವರ್ಷ ಆತು. ನಿದ್ದಿ ಮಾಡಿದಂಗ ಮಾಡ್ತೀನಿ ಅಷ್ಟ," ಎಂದಳು.

ಅಲ್ಲಿಂದ ಮುಂದೆ ಬೇಡ ಎನ್ನುವ ಧೈರ್ಯ ನನಗೆ ಬರಲಿಲ್ಲ. ಒಂದು ತಿಂಗಳು ತಾನೇ ಎಂದುಕೊಂಡೆ. ಅವಳು ಗುಳಿಗೆಯ ಡಬ್ಬಿಯನ್ನು ದೇವರ ಜಗಲಿಯ ಕೆಳಗೆ ಇಟ್ಟು, ಅರಿಷಿಣ ಕುಂಕುಮ ಹಚ್ಚಿ ಕೈಮುಗಿದಳು. ನಾವೂ ಮುಗಿದೆವು.

ಈಗ ಯೋಚಿಸಿದರೆ ತಲೆ ಚಚ್ಚಿಕೊಳ್ಳಬೇಕೆನಿಸುತ್ತದೆ. ಉಳ್ಳಾಗಡ್ಡಿ, ತಂಬಾಕು, ಗುಳಿಗೆ! ಮೂರನ್ನೂ ಒಂದೇ ಸಾಲಿನಲ್ಲಿ ಕೂರಿಸಿದೆವು. ಬಿಟ್ಟರೆ ಪುಣ್ಯ ಬರುವ ವಸ್ತು ಅದು ಎಂದು ಒಬ್ಬ ನಟಿ ಹೇಳಿದ್ದಳು, ಬಿಡುವುದಕ್ಕೆ ಒಂದು ತಿಂಗಳು ನಮ್ಮ ಪಂಚಾಂಗದಲ್ಲಿ ಸಿದ್ಧವಾಗಿತ್ತು. ಎರಡೂ ಕೂಡಿಕೊಂಡವು. ಆ ನಟಿಗೆ ನಮ್ಮ ಶ್ರಾವಣದ ಸುದ್ದಿಯೇ ಗೊತ್ತಿರಲಾರದು.

ಮೊದಲ ಎರಡು ವಾರದ ಬಗ್ಗೆ ಸುಳ್ಳು ಬರೆಯುವುದಿಲ್ಲ. ಅವು ಒಳ್ಳೆಯ ದಿನಗಳಾಗಿದ್ದವು. ನಾಗರಪಂಚಮಿ ಕಳೆಯುವುದರೊಳಗೆ ಅವಳ ಕೈ ನಿಂತಿತು. ಅವಳು ಹಾಕಿದ ಅಂಚಿನ ಹೊಲಿಗೆ ಮಿಷನ್ ಹೊಲಿಗೆಗಿಂತ ನೇರ ಇತ್ತು. ಮುಖದ ಬಾವು ಇಳಿಯಿತು, ಮಧ್ಯಾಹ್ನದ ನಿದ್ದೆ ಬೇಡವಾಯಿತು. ಶ್ರಾವಣದ ಎರಡನೆಯ ಶುಕ್ರವಾರ ಮೇಲಿನ ಮನೆಯವರು ಅರಿಷಿಣ ಕುಂಕುಮಕ್ಕೆ ಬಂದವರು ಅವಳು ಒಂದೇ ಏಟಿಗೆ ಸೂಜಿ ಪೋಣಿಸುವುದನ್ನು ಮೊಬೈಲಿನಲ್ಲಿ ತೆಗೆದು ಬಿಲ್ಡಿಂಗಿನ ಹೆಂಗಸರ ಗ್ರೂಪಿಗೆ ಹಾಕಿದರು.

"ನಾನು ಹೇಳಿದ್ದಲ್ವಾ ಅಕ್ಕ? ಅದೆಲ್ಲ ಕೆಮಿಕಲ್. ಬಿಟ್ಟ ಮೇಲೆ ಮುಖದಲ್ಲಿ ಎಂಥ ಕಳೆ ಬಂದಿದೆ ನೋಡಿ."

ಗ್ರೂಪಿನಲ್ಲಿ ಕೈಮುಗಿಯುವ ಚಿತ್ರಗಳು, ಹೂವುಗಳು ಬಂದವು. ಬಿ ವಿಂಗಿನ ಒಬ್ಬರು ತಮ್ಮ ಅತ್ತೆಯ ನಿದ್ದೆಗುಳಿಗೆಯನ್ನೂ ನಿಲ್ಲಿಸುವುದಾಗಿ ಬರೆದರು. ತಂಗಿ ಆ ಮೆಸೇಜುಗಳನ್ನೆಲ್ಲ ನನಗೆ ಓದಿ ಹೇಳಿದಳು. ಮೂರು ವರ್ಷದಿಂದ ಮೆಟ್ಟಿಲ ಮೇಲೆ ಸಿಕ್ಕರೆ ದಾರಿ ಬಿಟ್ಟು ಸರಿಯುತ್ತಿದ್ದವರು ಈಗ ಅವಳನ್ನು ನಿಲ್ಲಿಸಿ ಮಾತಾಡಿಸುತ್ತಿದ್ದರು. ನನಗೂ ಸಂತೋಷವಾಗಿತ್ತು. ಆ ಮಧ್ಯಾಹ್ನಗಳಲ್ಲಿ ಬಿಚ್ಚುವ ಕೆಲಸವಿಲ್ಲದೆ ನಾನು ಸುಮ್ಮನೆ ಕುಳಿತು ಚಹಾ ಕುಡಿದಿದ್ದೇನೆ.

ಮೂರನೆಯ ವಾರ ಅವಳ ನಿದ್ದೆ ಹೋಯಿತು. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಮೂರು ಸೀರೆಗೆ ಫಾಲ್ ಹಚ್ಚಿ ಮಡಿಚಿಟ್ಟಿರುತ್ತಿದ್ದಳು. ಮಾತು ಹೆಚ್ಚಾಯಿತು, ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು. ನಮ್ಮ ಹೊಲಿಗೆ ಕೆಲಸ ದೊಡ್ಡದು ಮಾಡಬೇಕು, ನವಿ ಮುಂಬೈಯಲ್ಲಿ ಅಂಗಡಿಗೆ ಒಂದು ಗಾಳೆ ಬಾಡಿಗೆ ಹಿಡಿಯಬೇಕು, ಆ ನಟಿಯನ್ನೇ ಉದ್ಘಾಟನೆಗೆ ಕರೆಯಬೇಕು ಎಂದು ಹೇಳಿದಳು. ಉಲ್ಹಾಸನಗರಕ್ಕೆ ಹುಕ್ಕು ತರಲು ಹೋದವಳು ಎರಡು ಚೀಲ ಮಣಿ, ಜರಿ, ಬ್ಲೌಸಿನ ಲಾಡಿಗೆ ತೂಗುಬಿಡುವ ಲಟಕಣ ಹೊತ್ತು ತಂದಳು. ಟಿಟ್ವಾಳಾದಲ್ಲಿ ನೋಡಿದ್ದು ನನಗೆ ನೆನಪಾಯಿತು. ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಒಂದು ಬೆಳಿಗ್ಗೆ ದೇವರ ಜಗಲಿಯ ಕೆಳಗಿನ ಡಬ್ಬಿ ತೆಗೆದು ಅವಳ ಮುಂದೆ ಇಟ್ಟೆ. ಇಂದಿನಿಂದ ತೆಗೆದುಕೋ ಎಂದೆ. ಅವಳು ನನ್ನನ್ನು ನೋಡಿ ನಕ್ಕಳು.

"ಮುರೀಲೇನಕ್ಕಾ ವ್ರತ? ನೀ ಮುರೀತಿ? ಇವತ್ತ ಉಳ್ಳಾಗಡ್ಡಿ ಹಾಕಿ ಒಗ್ಗರಣಿ ಕೊಡ, ನಾ ಗುಳಿಗಿ ನುಂಗ್ತೀನಿ."

ನಮ್ಮ ಮನೆಯವರನ್ನು ಕೇಳಿದೆ. ಅವರು ಅಂಬರನಾಥದ ಕಾರ್ಖಾನೆಗೆ ಹೊರಟು ನಿಂತಿದ್ದರು. "ದೇವ್ರ ಹೆಸರಲೆ ಹಿಡದದ್ದು ಇನ್ನ ಹತ್ತ ದಿನ ಉಳದಾಗ ಮುರದ್ರ ಹೆಂಗ? ಅಮಾಸಿ ಮುಗೀಲಿ. ಮುಗದ ಮರುದಿನಾ ಚಾಲೂ ಮಾಡು," ಎಂದರು. ನಾನು ತಲೆಯಾಡಿಸಿದೆ. ಉಳ್ಳಾಗಡ್ಡಿಯ ಒಗ್ಗರಣೆ ಕೊಡಲಿಲ್ಲ.

ಇನ್ನೊಂದು ಮಾತನ್ನೂ ಬರೆಯಬೇಕು. ಅದು ಗಣಪತಿ ಹಬ್ಬದ ಮುಂಚಿನ ಸೀಜನ್. ವರ್ಷದಲ್ಲೇ ಹೆಚ್ಚು ಬ್ಲೌಸು ಬರುವ ಕಾಲ. ಗೌರಿ ಕೂರಿಸುವ ದಿನಕ್ಕೆ ಕೊಡಲೇಬೇಕು, ಒಂದು ದಿನ ತಡವಾದರೂ ಯಾರಿಗೂ ಬೇಡ. ಪ್ರತಿ ವರ್ಷ ನಾನು ನಾಲ್ಕಾರು ಗಿರಾಕಿಗಳನ್ನು ವಾಪಸು ಕಳಿಸುತ್ತಿದ್ದೆ. ಆ ವರ್ಷ ಒಬ್ಬರನ್ನೂ ಕಳಿಸಲಿಲ್ಲ. ತಂಗಿ ಹತ್ತು ಜನರ ಕೆಲಸ ಮಾಡುತ್ತಿದ್ದಳು. ಬ್ಲೌಸುಗಳೆಲ್ಲ ಹೊತ್ತಿಗೆ ಸರಿಯಾಗಿ ಹೋದವು, ಗಿರಾಕಿಗಳು ಹೊಗಳಿದರು. ಕಾಯಿಲೆ ಹೊಲಿಯುತ್ತಿದೆ ಎಂದು ನನಗೆ ಒಳಗೆ ಗೊತ್ತಿತ್ತು. ಗೊತ್ತಿದ್ದೂ ಮುಂದಿನ ಬ್ಲೌಸನ್ನು ಅವಳ ಕಡೆಗೆ ಸರಿಸಿದೆ.

ಅಮಾವಾಸ್ಯೆ ಮುಗಿಯಿತು. ಮರುದಿನ ಗುಳಿಗೆ ಕೊಟ್ಟೆ. ಅವಳು ತೆಗೆದುಕೊಳ್ಳಲಿಲ್ಲ. ತನಗೆ ಗುಣವಾಗಿದೆ, ಇನ್ನು ಯಾಕೆ ಎಂದಳು. ಅದಕ್ಕೂ ಆ ನಟಿಯ ಮಾತೇ ಸಾಕ್ಷಿ. ನಾಲ್ಕನೆಯ ದಿನ ಗಣಪತಿ ಬಂದ. ಐದನೆಯ ದಿನವೋ ಆರನೆಯ ದಿನವೋ ಆರತಿಗೆ ಕರೆದರೆ ಅವಳು ಏಳಲಿಲ್ಲ. ಸ್ನಾನ ಬಿಟ್ಟಳು, ತಲೆ ಬಾಚುವುದು ಬಿಟ್ಟಳು. ಏನಾಗುತ್ತದೆ ಎಂದು ಕೇಳಿದರೆ ನಾಚಿಕೆಯಾಗುತ್ತದೆ ಎಂದಳು. ಯಾತರ ನಾಚಿಕೆ? ಆ ನಟಿಗೆ ಇಪ್ಪತ್ತೊಂದು ದಿನದಲ್ಲಿ ಆದದ್ದು ತನಗೆ ಆಗಲಿಲ್ಲವಲ್ಲ, ತಾನೇ ಸರಿಯಾಗಿ ಮಾಡಲಿಲ್ಲ, ಬಿಸಿಲಿಗೆ ಕೂರಲಿಲ್ಲ, ಒಳ್ಳೆಯ ಯೋಚನೆ ಬರಲಿಲ್ಲ ಎಂದು ನಿಧಾನವಾಗಿ ಹೇಳಿದಳು. ಮಳೆಗಾಲದ ಡೊಂಬಿವಲಿಯಲ್ಲಿ ಬಿಸಿಲು ಎಲ್ಲಿಂದ ಬರಬೇಕು? ನಮ್ಮ ಕಿಟಕಿಯ ಎದುರಿಗೆ ಇನ್ನೊಂದು ಬಿಲ್ಡಿಂಗಿನ ಗೋಡೆ ಇದೆ.

ಗಣಪತಿ ಹೋದ, ಹಿರಿಯರ ಪಕ್ಷಮಾಸ ಹಿಡಿಯಿತು. ಎರಡು ದಿನ ಗುಳಿಗೆಯನ್ನು ನಾನೇ ಬಾಯಿಗೆ ಹಾಕಿ ನೀರು ಕುಡಿಸಿದೆ. ದವಾಖಾನೆಗೆ ಫೋನು ಮಾಡಿದೆ. ಡಾಕ್ಟರು ಬರುವುದು ಗುರುವಾರ. ಗುರುವಾರಕ್ಕೆ ನಂಬರು ಹಚ್ಚಿದೆ. ತುರ್ತಾದರೆ ಕಾಯಬೇಡಿ, ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ಫೋನಿನಲ್ಲಿದ್ದವರು ಹೇಳಿದರು. ತುರ್ತು ಎಂದು ನನಗೆ ಅನಿಸಲಿಲ್ಲ. ಸುಮ್ಮನೆ ಮಲಗಿದ್ದವಳು ತುರ್ತು ಹೇಗಾಗುತ್ತಾಳೆ ಎಂದುಕೊಂಡೆ.

ಮಂಗಳವಾರ ಅವಳು ಹೋದಳು. ತನ್ನ ಜೀವವನ್ನು ತಾನೇ ಕಳೆದುಕೊಂಡಳು. ಹೇಗೆ, ಎಲ್ಲಿ ಎಂಬುದನ್ನು ಪೊಲೀಸರಿಗೆ ಹೇಳಿದ್ದೇನೆ. ಇಲ್ಲಿ ಬರೆಯುವುದಿಲ್ಲ. ಅದು ಅವಳದು, ಓದುವವರದಲ್ಲ.

ಮಾತಾಡಿಸಲು ಬಂದವರ ಬಗ್ಗೆ ಬರೆಯುತ್ತೇನೆ. ಊರಿನಿಂದ ಬಂದವರು, ಬಿಲ್ಡಿಂಗಿನವರು, ಗಿರಾಕಿಗಳು, ಎಲ್ಲರೂ ನೆಲದ ಮೇಲೆ ಕುಳಿತು ಕಾರಣ ಹುಡುಕುತ್ತಿದ್ದರು. ಪಕ್ಷಮಾಸದಲ್ಲಿ ಹೋದಳು ಎಂದರು ಕೆಲವರು. ಗಂಡ ಬಿಟ್ಟದ್ದೇ ಕಾರಣ ಎಂದರು ಇನ್ನು ಕೆಲವರು. ಆದರೆ ಹೆಚ್ಚಿನವರು ಹೇಳಿದ್ದು ಗುಳಿಗೆ. ಗುಳಿಗೆಯೇ ಅವಳನ್ನು ಕೊಂದಿತಂತೆ! ಮೇಲಿನ ಮನೆಯವರು ಮೂರು ಹೊತ್ತೂ ನಮಗೆ ಅನ್ನ ಸಾರು ತಂದು ಬಡಿಸಿದರು. ಬಡಿಸುತ್ತಲೇ ಅತ್ತು, "ಮೂರು ವರ್ಷ ತಿಂದದ್ದಲ್ವಾ ಅಕ್ಕ, ಅದೇ ಒಳಗಿಂದೊಳಗೆ ತಿಂದು ಹಾಕಿತು. ಮೊದಲೇ ಬಿಡಬೇಕಿತ್ತು," ಎಂದರು.

ನನ್ನ ಸೋದರಮಾವನ ಸೊಸೆ ನವಿ ಮುಂಬೈಯಿಂದ ಬಂದಿದ್ದಳು. ಅವಳು ನನಗೆ ಸಮಾಧಾನ ಹೇಳಲು ಮೊಬೈಲು ತೆಗೆದು ಅದೇ ವಿಡಿಯೋ ತೋರಿಸಿದಳು. ಸೋಫಾ, ಕೊಳಲು, ಕಾಡಿಗೆ. ನೋಡಿರಿ, ಇವರೂ ಹೇಳಿದ್ದಾರೆ ಗುಳಿಗೆ ಎಂಥ ಕೆಟ್ಟದ್ದು ಅಂತ, ಎಂದಳು. ನಾನು ನೋಡಿದೆ, ಪೂರ್ತಿ ನೋಡಿ ಮೊಬೈಲು ವಾಪಸು ಕೊಟ್ಟೆ. ಸತ್ತ ಮನೆಯಲ್ಲಿ ಕುಳಿತವಳು ಎದ್ದು ಕೂಗಾಡುವಂತಿಲ್ಲವಲ್ಲ.

ಒಂದು ತಿಂಗಳಾದ ಮೇಲೆ ಮಗಳಿಗೆ ಆ ವಿಡಿಯೋ ಯಾವ ಸಂದರ್ಶನದಿಂದ ಕತ್ತರಿಸಿದ್ದೋ ಅದನ್ನು ಪೂರ್ತಿ ಹುಡುಕಿ ಕೊಡು ಎಂದೆ. ಅವಳು ಬೇಡ ಮಮ್ಮಿ ಎಂದಳು, ಆಮೇಲೆ ಕೊಟ್ಟಳು. ಒಂದು ತಾಸಿಗಿಂತ ಹೆಚ್ಚಿತ್ತು. ಮಧ್ಯಾಹ್ನ ಫಾಲ್ ಹಚ್ಚುತ್ತ ಕೇಳಿದೆ. ಇಂಗ್ಲಿಷ್ ಬಂದಲ್ಲಿ ಮಗಳು ಪಕ್ಕದಲ್ಲಿ ಕುಳಿತು ಹೇಳಿದಳು. ಎಲ್ಲೋ ಅರ್ಧ ದಾಟಿದ ಮೇಲೆ ಆ ನಟಿ ನಗುತ್ತ ಹೇಳುತ್ತಾಳೆ, ನನ್ನ ಡಾಕ್ಟರು ಪಾಪ ವಾರಕ್ಕೆರಡು ಸಲ ಮನೆಗೇ ಬರುತ್ತಿದ್ದರು, ನಾನು ಹಟ ಹಿಡಿದಿದ್ದಕ್ಕೆ ಬೈಯುತ್ತಲೇ ಬೇರೆ ಔಷಧ ಶುರು ಮಾಡಿದರು ಎಂದು.

ಬೇರೆ ಔಷಧ!

ನಾನು ಹಿಂದೆ ತಿರುಗಿಸಿ ಮತ್ತೆ ಕೇಳಿದೆ. ಅಷ್ಟೇ ಹೇಳಿದ್ದಳು. ಮುಂದಿನ ಮಾತು ಅವಳ ನಾಯಿಯ ಬಗ್ಗೆ. ಒಂದು ತಾಸಿನಲ್ಲಿ ಆ ಒಂದು ಮಾತು ಯಾರಿಗೂ ಬೇಡವಾಯಿತು. ಒಂದೂವರೆ ನಿಮಿಷ ಕತ್ತರಿಸಿದವನಿಗೂ ಬೇಡವಾಯಿತು. ಕಸದ ಬುಟ್ಟಿಗೆ ಎಸೆದದ್ದು ಚೆನ್ನಾಗಿ ಕಾಣುತ್ತದೆ, ಮನೆಗೆ ಬಂದ ಡಾಕ್ಟರು ಚೆನ್ನಾಗಿ ಕಾಣುವುದಿಲ್ಲ. ಬಟ್ಟೆ ಕತ್ತರಿಸುವ ನನಗೆ ಇದು ತಿಳಿಯುತ್ತದೆ. ಆದರೆ ನಾನು ಅಳತೆ ತೆಗೆದುಕೊಳ್ಳದೆ ಇಷ್ಟು ವರ್ಷದಲ್ಲಿ ಒಂದು ಬಟ್ಟೆಯನ್ನೂ ಕತ್ತರಿಸಿಲ್ಲ.

ಆಮೇಲೆ ಏನಾಯಿತೋ, ಅವಳಿಗೆ ಯಾರು ಬೈದರೋ, ದೀಪಾವಳಿಯ ಹೊತ್ತಿಗೆ ಹೊಸ ವಿಡಿಯೋ ಬಂತು. ನಾನು ಯಾರಿಗೂ ಗುಳಿಗೆ ಬಿಡಿ ಎಂದು ಹೇಳಿರಲಿಲ್ಲ, ಅದು ನನ್ನ ಪ್ರಯಾಣ, ಪ್ರತಿಯೊಬ್ಬರ ಪ್ರಯಾಣ ಬೇರೆ, ನಿಮ್ಮ ಡಾಕ್ಟರರನ್ನು ಕೇಳಿ ಎಂದು. ಈ ಸಲ ಕೊಳಲು ಇರಲಿಲ್ಲ. ಅದೇ ವಾರ ಇನ್ನೊಬ್ಬ ಹೀರೋ ತಾನು ಗುಳಿಗೆ ತೆಗೆದುಕೊಳ್ಳುತ್ತೇನೆ, ಇದರಲ್ಲಿ ನಾಚಿಕೆ ಏನಿಲ್ಲ ಎಂದ. ಅವನ ಮಾತು ಒಳ್ಳೆಯದೇ. ಆದರೆ ಅವನು ಹೇಳಿದ ಎಂದು ನಂಬುವುದಾದರೆ ನಾಳೆ ಇನ್ನೊಬ್ಬಳು ಹೇಳಿದಾಗ ಅದನ್ನೂ ನಂಬಬೇಕಲ್ಲ. ಬಿಲ್ಡಿಂಗಿನ ಗ್ರೂಪಿನಲ್ಲಿ ಎರಡೂ ವಿಡಿಯೋ ಒಂದರ ಕೆಳಗೆ ಒಂದು ಬಂದವು. ಎರಡಕ್ಕೂ ಅದೇ ಕೈಮುಗಿಯುವ ಚಿತ್ರ, ಅದೇ ಹೂವು.

ಮೇಲಿನ ಮನೆಯವರು ಹೊಸ ವಿಡಿಯೋ ನನಗೆ ಬೇರೆಯಾಗಿಯೂ ಕಳಿಸಿದರು. ಸಂಜೆ ಕೆಳಗೆ ಬಂದು, ನೋಡಿದಿರಾ ಅಕ್ಕ, ಡಾಕ್ಟರರನ್ನು ಕೇಳಬೇಕಂತೆ, ನಮಗೆ ಹೇಗೆ ಗೊತ್ತಾಗಬೇಕು ಎಂದರು. ನನಗೆ ಜೋರಾಗಿ ಮಾತಾಡಿ ಅಭ್ಯಾಸವಿಲ್ಲ. ಅಂದೂ ಜೋರಾಗಿ ಮಾತಾಡಲಿಲ್ಲ.

"ಇಕಿ ಹೇಳೂದು ಸಾಕ್ರಿ ನನಗ. ನನ್ನ ತಂಗಿ ಮೂರ ವರ್ಷ ನಿಮ್ಮ ಕಣ್ಣ ಮುಂದ ಆರಾಮ ಇದ್ಲು. ದಿನಾ ಮೆಟ್ಲ ಹತ್ತಿ ಇಳಿತಿದ್ಲು. ಅದನ್ನ ಯಾರರೆ ವಿಡಿಯೋ ಮಾಡಿದ್ರೇನು?"

ಅವರು ಕಣ್ಣು ತುಂಬಿಕೊಂಡು, ಇಲ್ಲ ಅಕ್ಕ ಎಂದರು. ಅವರನ್ನು ಕೂರಿಸಿ ಚಹಾ ಮಾಡಿಕೊಟ್ಟೆ. ಅವರ ಮೇಲೆ ಸಿಟ್ಟು ಇಟ್ಟುಕೊಂಡು ಏನು ಮಾಡಲಿ? ಡಬ್ಬಿಗೆ ಕೈಮುಗಿದವರಲ್ಲಿ ಅವರು ಇರಲಿಲ್ಲ, ನಾನಿದ್ದೆ.

ದವಾಖಾನೆಯಿಂದ ಫೋನು ಬಂದದ್ದು ಆಮೇಲೆ. ಪೇಶಂಟು ರಕ್ತ ತಪಾಸಣೆಗೆ ಬಂದಿಲ್ಲ, ಯಾಕೆ ಎಂದು ಕೇಳಿದರು. ಫೋನಿನಲ್ಲಿ ಹೇಳಲು ನನ್ನಿಂದಾಗಲಿಲ್ಲ, ಗುರುವಾರ ಬರುತ್ತೇನೆ ಎಂದೆ. ಅವಳ ಫೈಲು ತೆಗೆದುಕೊಂಡು ಒಬ್ಬಳೇ ಕಲ್ಯಾಣಕ್ಕೆ ಹೋದೆ. ಅಲ್ಲಿಯ ಬೆಂಚಿನ ಮೇಲೆ ಎರಡು ತಾಸು ಕುಳಿತೆ. ಯಾವಾಗಲೂ ಅಷ್ಟೇ ಹೊತ್ತು ಇಬ್ಬರೂ ಕೂರುತ್ತಿದ್ದೆವು.

ಡಾಕ್ಟರು ವಯಸ್ಸಾದ ಹೆಂಗಸು, ಮರಾಠಿಯವರು. ನಾನು ಹೇಳಿದ್ದನ್ನು ಪೂರ್ತಿ ಕೇಳಿದರು. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಅವಸರ ಮಾಡಲಿಲ್ಲ. ಯಾಕೆ ನಿಲ್ಲಿಸಿದಳು ಎಂದು ಕೇಳಿದರು. ಕೈ ನಡುಗುತ್ತಿತ್ತು, ಹೊಲಿಗೆ ಸೊಟ್ಟ ಬೀಳುತ್ತಿತ್ತು ಎಂದೆ.

ಎಷ್ಟು ದಿನದಿಂದ?

ಮೊದಲಿನಿಂದಲೂ ಎಂದೆ.

ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಈ ಗುಳಿಗೆಗೆ ಹಾಗಾಗುವುದು ಇದ್ದದ್ದೇ, ಡೋಸು ಸ್ವಲ್ಪ ಇಳಿಸಿ ನೋಡಬಹುದಿತ್ತು, ನಡುಕಕ್ಕೆಂದೇ ಒಂದು ಸಣ್ಣ ಗುಳಿಗೆ ಬರುತ್ತದೆ, ಅದಕ್ಕೂ ಆಗದಿದ್ದರೆ ಬೇರೆ ಔಷಧ ಇತ್ತು ಎಂದರು. ಎಲ್ಲ ಸೇರಿ ಎರಡು ನಿಮಿಷದ ಮಾತು.

ನನಗೆ ಉತ್ತರ ಗೊತ್ತಿತ್ತು. ಪ್ರತಿ ಸಲ ಅವರು ಕೇಳುತ್ತಿದ್ದರು, ಬೇರೆ ಏನಾದರೂ ತ್ರಾಸ ಇದೆಯೇ ಎಂದು. ಪ್ರತಿ ಸಲ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ, ಏನಿಲ್ಲ, ಆರಾಮ ಇದ್ದೇವೆ ಎನ್ನುತ್ತಿದ್ದೆವು. ಅಷ್ಟು ದೊಡ್ಡ ಡಾಕ್ಟರು, ಹುಚ್ಚು ಹಿಡಿದಂತಾಗಿದ್ದವಳನ್ನು ಮನುಷ್ಯಳನ್ನಾಗಿ ಮಾಡಿದವರು. ಅವರ ಮುಂದೆ ಅವರದೇ ಔಷಧಕ್ಕೆ ಹೆಸರಿಡುವುದೇ? ಹುಕ್ಕು ಹಚ್ಚಲು ಬರುವುದಿಲ್ಲ ಎಂದು ಅವರ ಹೊತ್ತು ಹಾಳು ಮಾಡುವುದೇ? ನಮ್ಮಲ್ಲಿ ಹಾಗೆ ಮಾಡುವುದಿಲ್ಲ. ನಾವು ಡಾಕ್ಟರಿಗೆ ಹೇಳದೆ ಉಳಿಸಿಕೊಂಡ ಮಾತನ್ನು ಸೋಫಾದ ಮೇಲೆ ಕುಳಿತವಳು ಹೇಳಿದಳು. ತಂಗಿ ಅವಳನ್ನು ನಂಬಿದ್ದರಲ್ಲಿ ಆಶ್ಚರ್ಯವೇನಿದೆ?

ಡಾಕ್ಟರು ಫೈಲನ್ನು ಕೊನೆಯಿಂದ ಮೊದಲಿನವರೆಗೆ ತಿರುವಿ ನೋಡಿ ನನಗೆ ವಾಪಸು ಕೊಟ್ಟರು. ಮನೆಗೆ ಬಂದು ನಾನೂ ಅದನ್ನು ಒಂದೊಂದೇ ಹಾಳೆ ತಿರುವಿ ನೋಡಿದೆ. ಅವಳ ತೂಕ ಇದೆ. ರಕ್ತದ ರಿಪೋರ್ಟುಗಳಿವೆ. ನಿದ್ದೆ ಸರಿ, ಊಟ ಸರಿ ಎಂದು ಎಲ್ಲ ಹಾಳೆಯಲ್ಲೂ ಬರೆದಿದೆ. ಅವಳ ಕೈ ನಡುಗುತ್ತಿತ್ತು ಎಂಬ ಸಾಲು ಎಲ್ಲಿಯೂ ಇಲ್ಲ.